ಗಡಿ ಕಾಯಲು ಹುಟ್ಟಿದ ಶಾಲೆ, ಗಡಿ ದಾಟಿದ ಹೆಸರು

ಪ್ರತಿವರ್ಷ ಸೆಪ್ಟೆಂಬರ್ 8ರಂದು ಅಂತರರಾಷ್ಟ್ರೀಯ ಸಾಕ್ಷರತಾ ದಿನವನ್ನು ಆಚರಿಸುತ್ತೇವೆ. ಜಿಲ್ಲಾ ಕೇಂದ್ರಗಳಲ್ಲಿ ಜಾಥಾ ಹೊರಡುತ್ತದೆ, ಸಚಿವರ ಸಂದೇಶ ಪ್ರಕಟವಾಗುತ್ತದೆ, ಸಂಜೆಯ ವೇಳೆಗೆ ಬ್ಯಾನರುಗಳು ಗೋದಾಮು ಸೇರುತ್ತವೆ. ಟೆಹರಾನಿನಲ್ಲಿ 1965ರ ಇದೇ ದಿನ ಆರಂಭವಾದ ಶಿಕ್ಷಣ ಸಚಿವರ ಸಮ್ಮೇಳನದ ನೆನಪಿಗಾಗಿ ಯುನೆಸ್ಕೋ ಈ ದಿನವನ್ನು ಗೊತ್ತುಮಾಡಿತು. ಕಾಕತಾಳೀಯವೆಂಬಂತೆ, 1783ರ ಇದೇ ಸೆಪ್ಟೆಂಬರ್ 8ರಂದು ಡೆನ್ಮಾರ್ಕಿನ ಹಳ್ಳಿಯೊಂದರ ಪಾದ್ರಿಯ ಮನೆಯಲ್ಲಿ ಒಂದು ಗಂಡುಮಗು ಹುಟ್ಟಿತು. ವಯಸ್ಕರ ಶಿಕ್ಷಣ ಎಂಬ ಕಲ್ಪನೆಗೆ ಯೂರೋಪಿನಲ್ಲಿ ಇಂದಿಗೂ ಯಾರ ಹೆಸರು ಅಂಟಿಕೊಂಡಿದೆಯೋ ಆ ನಿಕೊಲಾಯ್ ಫ್ರೆಡರಿಕ್ ಸೆವೆರಿನ್ ಗ್ರುಂಟ್‌ವಿಗ್ ಎಂಬಾತನೇ ಆ ಮಗು.

ನನ್ನ ಗಮನಕ್ಕೆ ಈ ಹೆಸರು ಮೊದಲು ಬಂದದ್ದು ಒಂದು ಆಯವ್ಯಯ ಪತ್ರದ ಮೂಲಕ. ಐರೋಪ್ಯ ಒಕ್ಕೂಟವು 2007ರಿಂದ 2013ರವರೆಗೆ ಜೀವನಪೂರ್ತಿ ಕಲಿಕೆಯ ಕಾರ್ಯಕ್ರಮವೊಂದನ್ನು ನಡೆಸಿತು. ಏಳು ವರ್ಷಗಳಿಗೆ ಅದರ ಮೊತ್ತ ಸುಮಾರು 697 ಕೋಟಿ ಯೂರೊ. ಅದರ ನಾಲ್ಕು ಮುಖ್ಯ ಶಾಖೆಗಳಿಗೆ ನಾಲ್ವರು ಮಹನೀಯರ ಹೆಸರುಗಳಿದ್ದವು: ಶಾಲಾ ಶಿಕ್ಷಣಕ್ಕೆ ಕೊಮೇನಿಯಸ್, ವಿಶ್ವವಿದ್ಯಾಲಯಗಳಿಗೆ ಎರಾಸ್ಮಸ್, ವೃತ್ತಿ ತರಬೇತಿಗೆ ಲಿಯೊನಾರ್ಡೊ ಡ ವಿಂಚಿ, ವಯಸ್ಕರ ಶಿಕ್ಷಣಕ್ಕೆ ಗ್ರುಂಟ್‌ವಿಗ್. ಎರಾಸ್ಮಸ್ ಶಾಖೆಗೆ ಕನಿಷ್ಠ ಶೇ 40, ಲಿಯೊನಾರ್ಡೊಗೆ ಶೇ 25, ಕೊಮೇನಿಯಸ್‌ಗೆ ಶೇ 13 ಎಂದು ಪಾಲು ನಿಗದಿಯಾಗಿತ್ತು. ಗ್ರುಂಟ್‌ವಿಗ್‌ಗೆ ಸಿಕ್ಕಿದ್ದು ಕನಿಷ್ಠ ಶೇ 4. ಅರ್ಥಶಾಸ್ತ್ರ ಓದಿದವನಿಗೆ ಭಾಷಣಕ್ಕಿಂತ ಶೇಕಡಾವಾರು ಲೆಕ್ಕ ಹೆಚ್ಚು ಸತ್ಯ ಹೇಳುತ್ತದೆ. ದೊಡ್ಡವರ ಕಲಿಕೆಗೆ ಮನೆಯ ಹೊರಗಿನ ಜಗುಲಿಯಲ್ಲಿ ಎಲೆ ಹಾಕುವ ಪದ್ಧತಿ ನಮ್ಮ ದೇಶದ್ದಷ್ಟೇ ಅಲ್ಲ ಎಂಬುದು ಅಲ್ಲಿ ಸ್ಪಷ್ಟವಾಗಿತ್ತು.

ಆದರೂ ಆ ನಾಲ್ಕು ಪಾಲಿನಿಂದ ಆದ ಕೆಲಸ ಚಿಕ್ಕದಲ್ಲ. ಈ ಹೆಸರಿನ ಯೋಜನೆ 2000ದಲ್ಲಿ, ಸಾಕ್ರಟೀಸ್ ಕಾರ್ಯಕ್ರಮದ ಎರಡನೆಯ ಹಂತದಲ್ಲಿಯೇ ಆರಂಭವಾಗಿತ್ತು. ವಯಸ್ಕರಿಗೆ ಕಲಿಸುವವರು ಇನ್ನೊಂದು ದೇಶಕ್ಕೆ ಹೋಗಿ ತರಬೇತಿ ಪಡೆಯಲು, ಬೇರೆ ಬೇರೆ ದೇಶಗಳ ಸಣ್ಣ ಸಂಸ್ಥೆಗಳು ಜೊತೆಗೂಡಿ ಎರಡು ವರ್ಷ ಒಂದು ವಿಷಯದ ಮೇಲೆ ದುಡಿಯಲು ಅದು ಅನುದಾನ ನೀಡುತ್ತಿತ್ತು. ಕಾರಾಗೃಹದ ಶಿಕ್ಷಕರು, ಗ್ರಂಥಾಲಯಗಳವರು, ವಲಸಿಗರಿಗೆ ಭಾಷೆ ಕಲಿಸುವ ಸ್ವಯಂಸೇವಕರು, ನಿವೃತ್ತರ ಸಂಘಗಳು ಇದರ ಫಲಾನುಭವಿಗಳಾದರು. ಕಲಿಯುವ ವಯಸ್ಕರೇ ಹತ್ತಿಪ್ಪತ್ತು ಮಂದಿ ಸೇರಿ ಪರದೇಶದಲ್ಲಿ ಕೆಲದಿನ ಕೂಡಿ ಕಲಿಯುವ ಕಾರ್ಯಾಗಾರಗಳೂ, ಹಿರಿಯ ನಾಗರಿಕರ ಸ್ವಯಂಸೇವಾ ವಿನಿಮಯವೂ 2009ರಿಂದ ಸೇರಿಕೊಂಡವು. 2013ರ ವೇಳೆಗೆ ವರ್ಷಕ್ಕೆ 7,000 ಮಂದಿ ಹೀಗೆ ಗಡಿ ದಾಟಬೇಕೆಂಬುದು ಗುರಿಯಾಗಿತ್ತು.

ಇಷ್ಟೆಲ್ಲಕ್ಕೂ ಹೆಸರಾದ ಮನುಷ್ಯ ಎಂಥವನು? ನಮ್ಮ ವಿದ್ಯಾವಂತರಿಗೆ ಎರಾಸ್ಮಸ್ ಗೊತ್ತು, ಲಿಯೊನಾರ್ಡೊ ಗೊತ್ತು. ಗ್ರುಂಟ್‌ವಿಗ್ ಗೊತ್ತಿರುವವರು ವಿರಳ. ಆತನ ಬದುಕನ್ನು ಓದುತ್ತ ಹೋದಂತೆ ನನಗೆ ಅಚ್ಚರಿಯೆನಿಸಿದ ಸಂಗತಿಯೆಂದರೆ, ಗಡಿಯಾಚೆಗಿನ ಸಹಕಾರಕ್ಕೆ ಹೆಸರು ಕೊಟ್ಟ ಈತ ತನ್ನ ನಾಡು, ತನ್ನ ನುಡಿ ಎಂದು ಹಗಲಿರುಳು ಹಂಬಲಿಸಿದ ಕಟ್ಟಾ ರಾಷ್ಟ್ರಾಭಿಮಾನಿ.

ಜೀಲ್ಯಾಂಡ್ ದ್ವೀಪದ ದಕ್ಷಿಣದಲ್ಲಿರುವ ಉಡ್ಬಿ ಆತನ ಹುಟ್ಟೂರು. ತಂದೆ ಸಂಪ್ರದಾಯನಿಷ್ಠ ಲೂಥರನ್ ಪಾದ್ರಿ. ಐವರು ಮಕ್ಕಳಲ್ಲಿ ಈತ ಕೊನೆಯವನು. ಒಂಬತ್ತನೆಯ ವಯಸ್ಸಿಗೇ ಮನೆ ಬಿಟ್ಟು, ಜಟ್‌ಲ್ಯಾಂಡಿನ ಬರಡು ಬಯಲಿನ ನಡುವಿನ ಪಾದ್ರಿಯೊಬ್ಬನ ಮನೆಯಲ್ಲಿ ಪಾಠಕ್ಕೆ ನಿಂತ. ಅನಂತರ ಆರ್ಹುಸ್ ಪಟ್ಟಣದ ಲ್ಯಾಟಿನ್ ಶಾಲೆ. ಅಲ್ಲಿ ಕಳೆದ ಎರಡು ವರ್ಷಗಳ ಕಹಿ ಆತನನ್ನು ಜೀವಮಾನವಿಡೀ ಬಿಡಲಿಲ್ಲ. ಸತ್ತ ಭಾಷೆಯ ವ್ಯಾಕರಣವನ್ನು ಉರುಹೊಡೆಸುವ, ಬದುಕಿನ ಯಾವ ಪ್ರಶ್ನೆಗೂ ಉತ್ತರ ಹುಡುಕದ ಶಾಲೆಯನ್ನು ಆತ ಮುಂದೆ ಸಾವಿನ ಶಾಲೆಯೆಂದು ಕರೆದ. ಅದಕ್ಕೆ ಎದುರಾಗಿ ತಾನು ಕಲ್ಪಿಸಿದ್ದನ್ನು ಬದುಕಿನ ಶಾಲೆಯೆಂದು ಹೆಸರಿಸಿದ.

ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ 1803ರಲ್ಲಿ ಧರ್ಮಶಾಸ್ತ್ರದ ಪರೀಕ್ಷೆ ಮುಗಿಸಿದ ತರುಣ, 1805ರಲ್ಲಿ ಲಾಂಗೆಲ್ಯಾಂಡ್ ದ್ವೀಪದ ಜಮೀನ್ದಾರರ ಮನೆಗೆ ಮಕ್ಕಳ ಪಾಠದ ಮೇಷ್ಟರಾಗಿ ಹೋದ. ಅಲ್ಲಿ ಮನೆಯೊಡತಿಯ ಮೇಲೆಯೇ ಪ್ರೇಮಾಂಕುರವಾಯಿತು. ನೆರವೇರುವಂತಿಲ್ಲದ ಆ ಪ್ರೇಮದ ಯಾತನೆಯಿಂದ ಪಾರಾಗಲು ಆತ ಪುಸ್ತಕಗಳಲ್ಲಿ ಮುಳುಗಿದ. ಉತ್ತರ ಯೂರೋಪಿನ ಪುರಾಣಗಳು, ಹಳೆಯ ನಾರ್ಡಿಕ್ ಕಾವ್ಯಗಳು ಆತನನ್ನು ಹಿಡಿದುಕೊಂಡವು. 1808ರಲ್ಲಿ ಆ ಪುರಾಣಗಳನ್ನು ಕುರಿತ ಆತನ ಗ್ರಂಥ ಹೊರಬಂದಿತು.

ಆ ಹೊತ್ತಿಗೆ ಡೆನ್ಮಾರ್ಕಿನ ಗ್ರಹಗತಿ ಕೆಟ್ಟಿತ್ತು. 1807ರಲ್ಲಿ ಬ್ರಿಟಿಷರು ಕೋಪನ್‌ಹೇಗನ್ ಮೇಲೆ ಗುಂಡಿನ ಮಳೆ ಸುರಿಸಿ ನೌಕಾಪಡೆಯನ್ನೇ ಹೊತ್ತೊಯ್ದರು. 1813ರಲ್ಲಿ ಸರ್ಕಾರ ದಿವಾಳಿಯಾಯಿತು. 1814ರಲ್ಲಿ ನಾಲ್ಕು ಶತಮಾನಗಳ ಜೊತೆಗಾರ ನಾರ್ವೆ ಕೈಬಿಟ್ಟುಹೋಯಿತು. ಗಮನಿಸಬೇಕಾದ ಸಂಗತಿಯೆಂದರೆ, ಖಜಾನೆ ಬರಿದಾಗಿದ್ದ ಅದೇ 1814ರಲ್ಲಿ ಆ ಪುಟ್ಟ ದೇಶ ಎಲ್ಲ ಮಕ್ಕಳಿಗೂ ಶಿಕ್ಷಣವನ್ನು ಕಡ್ಡಾಯಗೊಳಿಸುವ ಕಾನೂನು ಮಾಡಿತು. ಹಣವಿಲ್ಲ ಎಂಬ ನೆಪ ಹೇಳುವ ಸರ್ಕಾರಗಳು ಈ ಇಸವಿಯನ್ನು ನೆನಪಿಡಬೇಕು.

ಗ್ರುಂಟ್‌ವಿಗ್ ಸುಲಭದ ಮನುಷ್ಯನಾಗಿರಲಿಲ್ಲ. ಪಾದ್ರಿ ಪದವಿಗಾಗಿ 1810ರಲ್ಲಿ ಮಾಡಿದ ಪರೀಕ್ಷಾರ್ಥ ಧರ್ಮೋಪದೇಶದಲ್ಲಿಯೇ, ಚರ್ಚುಗಳಿಂದ ದೇವರ ವಾಕ್ಯ ಮಾಯವಾಗಿದೆಯೆಂದು ರಾಜಧಾನಿಯ ಪಾದ್ರಿಗಳನ್ನೆಲ್ಲ ಎದುರುಹಾಕಿಕೊಂಡು ಛೀಮಾರಿ ಪಡೆದ. ಆ ವರ್ಷದ ಕೊನೆಗೆ ಮನಸ್ಸಿನ ಸ್ಥಿಮಿತವೇ ತಪ್ಪಿತು. ಚೇತರಿಸಿಕೊಂಡು, ವೃದ್ಧ ತಂದೆಗೆ ಸಹಾಯಕನಾಗಿ ಹುಟ್ಟೂರಿಗೆ ಮರಳಿದ. 1813ರಲ್ಲಿ ತಂದೆ ತೀರಿಕೊಂಡ ಮೇಲೆ ಹಲವು ವರ್ಷ ಆತನಿಗೆ ನೆಲೆಯಾದ ಹುದ್ದೆಯಿರಲಿಲ್ಲ. ಆ ಬಿಡುವು ಡೇನಿಷ್ ಸಾಹಿತ್ಯಕ್ಕೆ ಲಾಭವಾಯಿತು. ಸ್ಯಾಕ್ಸೊ ಮತ್ತು ಸ್ನೋರಿಯ ಇತಿಹಾಸಗಳನ್ನು ಆತ ರೈತರಿಗೂ ತಿಳಿಯುವ ಡೇನಿಷ್ ಭಾಷೆಗೆ ತಂದ. ಲಂಡನ್ನಿನಲ್ಲಿದ್ದ ಏಕೈಕ ಹಸ್ತಪ್ರತಿಯ ಆಧಾರದ ಮೇಲೆ 1815ರಲ್ಲಿ ಕೋಪನ್‌ಹೇಗನ್ನಿನಲ್ಲಿ ಮೊದಲ ಬಾರಿಗೆ ಅಚ್ಚಾದ ಹಳೆಯ ಇಂಗ್ಲಿಷ್ ಮಹಾಕಾವ್ಯ ಬೇವುಲ್ಫ್‌ನ ತಪ್ಪುಗಳನ್ನು ತೋರಿಸಿಕೊಟ್ಟು, 1820ರಲ್ಲಿ ಅದನ್ನು ಇಡಿಯಾಗಿ ಅನುವಾದಿಸಿದ. ಇಂಗ್ಲಿಷರ ಆದಿಕಾವ್ಯ ಆಧುನಿಕ ಭಾಷೆಯೊಂದರಲ್ಲಿ ಮೊದಲು ಪೂರ್ಣವಾಗಿ ಬಂದದ್ದು ಇಂಗ್ಲಿಷಿನಲ್ಲಲ್ಲ, ಡೇನಿಷಿನಲ್ಲಿ.

1822ರಲ್ಲಿ ರಾಜಧಾನಿಯಲ್ಲಿಯೇ ಒಂದು ಚರ್ಚಿನ ಹುದ್ದೆ ದೊರೆಯಿತು. ಮೂರೇ ವರ್ಷಗಳಲ್ಲಿ, ಧರ್ಮಶಾಸ್ತ್ರದ ಪ್ರಾಧ್ಯಾಪಕ ಕ್ಲೌಸೆನ್ ಬರೆದ ಗ್ರಂಥವನ್ನು ಖಂಡಿಸುವ ಭರದಲ್ಲಿ ಆತನ ಮೇಲೆಯೇ ಹರಿಹಾಯ್ದ. ಮಾನನಷ್ಟದ ಮೊಕದ್ದಮೆಯಲ್ಲಿ ಸೋತು ದಂಡ ಕಟ್ಟಿದ. ಅದಕ್ಕಿಂತ ಘೋರವಾದದ್ದು ಆಜೀವ ಸೆನ್ಸಾರ್ ಶಿಕ್ಷೆ. ಮುಂದೆ ಏನೇ ಅಚ್ಚಿಗೆ ಕೊಡಬೇಕಾದರೂ ಪೊಲೀಸ್ ಅಧಿಕಾರಿಗೆ ತೋರಿಸಿ ಅನುಮತಿ ಪಡೆಯಬೇಕು. 1826ರಲ್ಲಿ ಆತ ಹುದ್ದೆಗೆ ರಾಜೀನಾಮೆ ಕೊಟ್ಟ. ಹನ್ನೊಂದು ವರ್ಷ, ಅಂದರೆ 1837ರ ಕೊನೆಯವರೆಗೆ, ಆ ಬಂಧನ ಮುಂದುವರಿಯಿತು. ಶಿಕ್ಷಣದ ಮೇಲೆ ಸರ್ಕಾರದ ಹಿಡಿತವಿರಬಾರದೆಂದು ಆತ ಮುಂದೆ ವಾದಿಸಿದ್ದು ಪುಸ್ತಕಜ್ಞಾನದಿಂದಲ್ಲ, ಉಂಡ ಅನುಭವದಿಂದ.

ರಾಜಕಾರಣದ ವಿಚಿತ್ರ ನೋಡಿ. ಹೀಗೆ ಬಾಯಿ ಕಟ್ಟಿದ ಪ್ರಭುತ್ವವೇ ಆತನಿಗೆ ಪ್ರಯಾಣದ ವೆಚ್ಚವನ್ನೂ ಕೊಟ್ಟಿತು. ಹಳೆಯ ಇಂಗ್ಲಿಷ್ ಹಸ್ತಪ್ರತಿಗಳನ್ನು ಅಭ್ಯಸಿಸಲು ದೊರೆ ಆರನೆಯ ಫ್ರೆಡರಿಕ್ ನೀಡಿದ ನೆರವಿನಿಂದ ಗ್ರುಂಟ್‌ವಿಗ್ 1829, 1830 ಮತ್ತು 1831ರಲ್ಲಿ ಮೂರು ಬಾರಿ ಇಂಗ್ಲೆಂಡಿಗೆ ಹೋದ. ಇದೇ ದೊರೆ 1827ರಲ್ಲಿ ನಮ್ಮ ಬಂಗಾಳದ ಶ್ರೀರಾಂಪುರದ ಕಾಲೇಜಿಗೆ ಸನ್ನದು ಕೊಟ್ಟವನು. ಶ್ರೀರಾಂಪುರ ಆಗ ಡೇನರ ವಸಾಹತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಅಲ್ಲಿಯ ಮಿಷನ್ ಮುದ್ರಣಾಲಯದಲ್ಲಿ. ಡೇನರ ಬಾವುಟದ ನೆರಳಿನಲ್ಲಿ ಕನ್ನಡದ ಕೆಲಸವೂ ಒಂದಿಷ್ಟು ನಡೆದಿತ್ತೆಂಬುದನ್ನು ನಾವು ನೆನೆಯಬಹುದು.

ಇಂಗ್ಲೆಂಡಿನಲ್ಲಿ ಹಸ್ತಪ್ರತಿಗಳಿಗಿಂತ ಹೆಚ್ಚಾಗಿ ಆತನನ್ನು ಸೆಳೆದದ್ದು ಜನ. 1831ರಲ್ಲಿ ಕೇಂಬ್ರಿಜಿನ ಟ್ರಿನಿಟಿ ಕಾಲೇಜಿನಲ್ಲಿ ಗುರುಗಳೂ ಶಿಷ್ಯರೂ ಒಂದೇ ಸೂರಿನಡಿ ವಾಸವಾಗಿ, ಒಂದೇ ಭೋಜನಶಾಲೆಯಲ್ಲಿ ಉಂಡು, ಪಾಠದಾಚೆಗೂ ಮಾತನಾಡುತ್ತಿದ್ದುದನ್ನು ಆತ ಕಂಡ. ಕಲಿಕೆ ನಡೆಯುವುದು ಹೀಗೆ ಎಂದು ಆತನಿಗೆ ಹೊಳೆಯಿತು. ಆದರೆ ಕೇಂಬ್ರಿಜ್ ಉಳ್ಳವರ ಮಕ್ಕಳದು. ಇದೇ ಸಹವಾಸ ರೈತನ ಮಗನಿಗೆ ಏಕೆ ಸಿಗಬಾರದು ಎಂಬುದು ಆತ ಊರಿಗೆ ಹೊತ್ತುತಂದ ಪ್ರಶ್ನೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಸರ್ಕಾರಿ ಅನುದಾನದ ವಿದೇಶ ಅಧ್ಯಯನ ಪ್ರವಾಸವೊಂದು ನಿಜವಾಗಿ ಫಲ ಕೊಟ್ಟ ಅಪರೂಪದ ಉದಾಹರಣೆಯಿದು. ನಮ್ಮ ಕಾಲದ ಎಷ್ಟೋ ಅಧ್ಯಯನ ಪ್ರವಾಸಗಳ ವರದಿಗಳನ್ನು ಕಡತಗಳಲ್ಲಿ ಕಂಡವನು ನಾನು. ಹೋಲಿಕೆಗೆ ಹೋಗದಿರುವುದೇ ವಾಸಿ.

ಆ ಪ್ರಶ್ನೆಗೆ ರಾಜಕೀಯದ ತುರ್ತೂ ಕೂಡಿಬಂದಿತು. ಡೆನ್ಮಾರ್ಕಿನಲ್ಲಿ ದೊರೆಯ ನಿರಂಕುಶಾಧಿಕಾರವಿದ್ದ ಕಾಲವದು. 1830ರ ದಶಕದಲ್ಲಿ ಸಲಹಾ ಸಭೆಗಳು ಏರ್ಪಟ್ಟಾಗ ರೈತರೂ ಅಧಿಕಾರಿಗಳ ಪಕ್ಕದಲ್ಲಿ ಕೂರುವಂತಾಯಿತು. ಕೂತ ಮೇಲೆ ಮಾತನಾಡುವುದು ಹೇಗೆ? ಲ್ಯಾಟಿನ್ ಬಲ್ಲ ಅಧಿಕಾರಿಯ ಮುಂದೆ ಬಾಯಿ ಬಿಡಲು ಹೆದರುವ ರೈತನಿಗೆ ಸ್ವಂತ ನುಡಿಯಲ್ಲಿ, ಸ್ವಂತ ಇತಿಹಾಸದ ಅರಿವಿನಿಂದ ಧೈರ್ಯ ತುಂಬಬೇಕು ಎಂದು ಗ್ರುಂಟ್‌ವಿಗ್ 1830ರ ದಶಕದುದ್ದಕ್ಕೂ ಬರೆದ. ಹದಿನೆಂಟು ತುಂಬಿದವರಿಗೆ ವಸತಿಸಹಿತ ಶಾಲೆ, ಪ್ರವೇಶಕ್ಕೂ ಪರೀಕ್ಷೆಯಿಲ್ಲ, ಹೊರಹೋಗುವಾಗಲೂ ಪರೀಕ್ಷೆಯಿಲ್ಲ, ಪದವಿ ಪತ್ರವಿಲ್ಲ. ಪುಸ್ತಕಕ್ಕಿಂತ ಬಾಯಿಮಾತಿಗೆ ಪ್ರಾಧಾನ್ಯ. ಹಾಡು, ಇತಿಹಾಸ, ಪುರಾಣ, ದೇಶದ ಆಡಳಿತ, ಪರಸ್ಪರ ಚರ್ಚೆ. ಕಲಿಸುವವನು ಕಲಿಯುವವನಿಂದಲೂ ಕಲಿಯಬೇಕು. ಹೊಲ ಬಿಟ್ಟು ಓಡಿಹೋಗುವುದಕ್ಕಲ್ಲ, ಹೊಲಕ್ಕೇ ತಲೆಯೆತ್ತಿ ಮರಳುವುದಕ್ಕೆ ಈ ಶಾಲೆ. 1838ರಲ್ಲಿ, ಸೆನ್ಸಾರ್ ಕಳಚಿದ ಬೆನ್ನಲ್ಲೇ, ಕೋಪನ್‌ಹೇಗನ್ನಿನಲ್ಲಿ ಆತ ಸಮಕಾಲೀನ ಇತಿಹಾಸ ಕುರಿತು ನೀಡಿದ ಉಪನ್ಯಾಸಮಾಲೆಗೆ ಜನ ಕಿಕ್ಕಿರಿದು ನೆರೆದರು.

ಸೋರೊ ಎಂಬಲ್ಲಿ ರಾಜಾಶ್ರಯದ ಒಂದು ದೊಡ್ಡ ಶಾಲೆ ತೆರೆಯಬೇಕೆಂಬುದು ಆತನ ಕನಸು. ದೊರೆ ಎಂಟನೆಯ ಕ್ರಿಶ್ಚಿಯನ್ ಒಪ್ಪಿಯೂ ಇದ್ದ. 1848ರ ಜನವರಿಯಲ್ಲಿ ದೊರೆ ತೀರಿಕೊಂಡ. ಅನಂತರ ಬಂದ ಶಿಕ್ಷಣ ಸಚಿವ ಮಾಡ್‌ವಿಗ್ ಲ್ಯಾಟಿನ್ ಭಾಷೆಯ ಘನ ವಿದ್ವಾಂಸ. ಯೋಜನೆ ಅಲ್ಲಿಗೇ ಮುಗಿಯಿತು. ಮಂಜೂರಾದ ಕಡತ ಅಧಿಕಾರ ಬದಲಾವಣೆಯಲ್ಲಿ ಕರಗಿಹೋಗುವುದನ್ನು ಕಂಡ ನನ್ನಂಥವರಿಗೆ ಇದರಲ್ಲಿ ಹೊಸತೇನೂ ಇಲ್ಲ.

ಹೊಸತಿರುವುದು ಮುಂದಿನ ಸಂಗತಿಯಲ್ಲಿ. ಸರ್ಕಾರ ಕೈಬಿಟ್ಟದ್ದನ್ನು ಜನ ಎತ್ತಿಕೊಂಡರು. 1844ರ ನವೆಂಬರ್ 7ರಂದು ಉತ್ತರ ಶ್ಲೆಸ್ವಿಗ್‌ನ ರೋಡಿಂಗ್‌ನಲ್ಲಿ ಮೊದಲ ಜನಶಾಲೆ ಆಗಲೇ ಆರಂಭವಾಗಿತ್ತು. ಡೇನಿಷ್ ಮತ್ತು ಜರ್ಮನ್ ಭಾಷಿಕರು ಬೆರೆತಿದ್ದ ಗಡಿನಾಡು ಅದು. ಜರ್ಮನ್ ಪ್ರಾಬಲ್ಯದೆದುರು ಡೇನಿಷ್ ನುಡಿಯನ್ನು ಉಳಿಸಿಕೊಳ್ಳುವುದೇ ಆ ಶಾಲೆಯ ಮುಖ್ಯ ಉದ್ದೇಶ. 1851ರಲ್ಲಿ ಫ್ಯೂನ್ ದ್ವೀಪದ ರಿಸ್ಲಿಂಗೆಯಲ್ಲಿ, ಚಮ್ಮಾರನ ಮಗನಾದ ಕ್ರಿಸ್ಟೆನ್ ಕೋಲ್ಡ್ ಇನ್ನೊಂದು ಶಾಲೆ ತೆರೆದ. ಆತ ವಿದ್ಯಾರ್ಥಿಗಳ ಜೊತೆಗೇ ಉಂಡು, ಅವರ ಜೊತೆಗೇ ಮಲಗಿ, ರೈತರ ಮಾತಿನಲ್ಲಿಯೇ ಪಾಠ ಹೇಳಿದ. ಗ್ರುಂಟ್‌ವಿಗ್ ಕಲ್ಪನೆ ಕೊಟ್ಟವನು. ಅದಕ್ಕೆ ಮೈ ಕೊಟ್ಟವರು ಇಂಥವರು.

ಗ್ರುಂಟ್‌ವಿಗ್ 1839ರಿಂದ ಸಾಯುವವರೆಗೆ ಕೋಪನ್‌ಹೇಗನ್ನಿನ ವಾರ್ಟೋವ್ ಎಂಬ ವೃದ್ಧಾಶ್ರಮದ ಚರ್ಚಿನ ಪಾದ್ರಿಯಾಗಿದ್ದ. ಸುಮಾರು 1,500 ಭಕ್ತಿಗೀತೆಗಳನ್ನು ರಚಿಸಿದ. ಡೇನರ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾಗಬೇಕೆಂದು ಶ್ರಮಿಸಿದ ಸಮಿತಿಯಲ್ಲಿದ್ದ. 1849ರ ಸಂವಿಧಾನವನ್ನು ರೂಪಿಸಿದ ಸಭೆಯ ಸದಸ್ಯನಾಗಿದ್ದೂ ಕೊನೆಯ ಮತದಾನದಲ್ಲಿ ತಟಸ್ಥನಾಗುಳಿದ. ಆದರೆ ಅದೇ ಸಂವಿಧಾನವನ್ನು 1866ರಲ್ಲಿ ಸಿರಿವಂತರ ಪರವಾಗಿ ತಿದ್ದಲು ಹೊರಟಾಗ, ಎಂಬತ್ತೆರಡರ ವೃದ್ಧ ಮೇಲ್ಮನೆಗೆ ಆಯ್ಕೆಯಾಗಿ ಹೋರಾಡಿದ. ಹೋರಾಟ ಸೋತಿತು. ಮೂರು ಮದುವೆಯಾದ, ಇಬ್ಬರು ಮಡದಿಯರನ್ನು ಮಣ್ಣು ಮಾಡಿದ. ಮನೋವ್ಯಾಧಿ 1867ರಲ್ಲಿ ಮತ್ತೆ ಮರುಕಳಿಸಿ, ಪ್ರಾರ್ಥನೆಯ ನಡುವೆಯೇ ಜನರೆದುರು ಪ್ರಕಟವಾಯಿತು. ಆದರೂ ಚೇತರಿಸಿಕೊಂಡ. 1872ರ ಸೆಪ್ಟೆಂಬರ್ 1ರ ಭಾನುವಾರ ಎಂದಿನಂತೆ ಧರ್ಮೋಪದೇಶ ಮಾಡಿದ ಆತ ಮರುದಿನ ಕುರ್ಚಿಯಲ್ಲಿ ಕುಳಿತಂತೆಯೇ ತೀರಿಕೊಂಡ. ಎಂಬತ್ತೊಂಬತ್ತು ತುಂಬಲು ಆರು ದಿನ ಉಳಿದಿದ್ದವು.

ಆತನ ಕಲ್ಪನೆ ನಿಜವಾಗಿ ಬೇರು ಬಿಟ್ಟದ್ದು ದೇಶ ಸೋತಾಗ. 1864ರಲ್ಲಿ ಪ್ರಷ್ಯ ಮತ್ತು ಆಸ್ಟ್ರಿಯ ಜೊತೆಗೂಡಿ ಡೆನ್ಮಾರ್ಕನ್ನು ಮಣಿಸಿ ಶ್ಲೆಸ್ವಿಗ್, ಹೋಲ್‌ಸ್ಟೈನ್ ಮತ್ತು ಲಾವೆನ್‌ಬುರ್ಗ್‌ಗಳನ್ನು ಕಿತ್ತುಕೊಂಡವು. ರೋಡಿಂಗ್ ಗಡಿಯಾಚೆಗೆ ಸರಿಯಿತು. ಶಾಲೆ 1865ರಲ್ಲಿ ಈಚೆಗಿನ ಆಸ್ಕೋವ್‌ಗೆ ಬಂದು ನೆಲೆಸಿತು. ಹೊರಗೆ ಕಳೆದುಕೊಂಡದ್ದನ್ನು ಒಳಗೆ ಗಳಿಸಬೇಕೆಂಬ ಹಟ ಊರೂರಿನಲ್ಲಿ ಹುಟ್ಟಿ ಹತ್ತಾರು ಜನಶಾಲೆಗಳು ತಲೆಯೆತ್ತಿದವು. ಚಳಿಗಾಲದಲ್ಲಿ ಹೊಲದ ಕೆಲಸವಿಲ್ಲದ ಐದು ತಿಂಗಳು ತರುಣರಿಗೆ, ಬೇಸಗೆಯ ಮೂರು ತಿಂಗಳು ತರುಣಿಯರಿಗೆ. ಸರ್ಕಾರ ಹಣ ಕೊಟ್ಟಿತು; ಏನು ಕಲಿಸಬೇಕೆಂದು ಹೇಳಲಿಲ್ಲ. ಈ ಒಂದು ವಾಕ್ಯದಲ್ಲಿ ಶಿಕ್ಷಣಾಡಳಿತದ ಸಾರವೆಲ್ಲ ಅಡಗಿದೆಯೆಂದು ನಾನು ಭಾವಿಸುತ್ತೇನೆ.

ಅನಂತರದ ಕಥೆ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತ. ಅಮೆರಿಕದಿಂದ ಅಗ್ಗದ ಧಾನ್ಯ ಹರಿದುಬಂದು ಬೆಲೆ ಕುಸಿದಾಗ ಡೇನಿಷ್ ರೈತರು ಧಾನ್ಯ ಬಿಟ್ಟು ಬೆಣ್ಣೆ ಮತ್ತು ಹಂದಿಮಾಂಸದ ಕಡೆಗೆ ಹೊರಳಿದರು. 1882ರಲ್ಲಿ ಹೆಡಿಂಗ್ ಎಂಬಲ್ಲಿ ಮೊದಲ ಸಹಕಾರಿ ಡೇರಿ ಆರಂಭವಾಗಿ, ದಶಕದೊಳಗೆ ಅಂಥವು ನೂರಾರಾದವು. ಆ ಸಹಕಾರ ಚಳವಳಿಯ ಹಳ್ಳಿಯ ಮುಂದಾಳುಗಳಲ್ಲಿ ಹಲವರು ಜನಶಾಲೆಗಳಲ್ಲಿ ಒಂದು ಚಳಿಗಾಲ ಕಳೆದವರು. ಆದ್ದರಿಂದ ಡೆನ್ಮಾರ್ಕಿನ ಏಳಿಗೆಯೆಲ್ಲ ಗ್ರುಂಟ್‌ವಿಗ್‌ನ ಕೊಡುಗೆಯೆಂದು ಬಹುಕಾಲ ನಂಬಲಾಗಿತ್ತು. ಇತ್ತೀಚಿನ ಆರ್ಥಿಕ ಇತಿಹಾಸಕಾರರು ಇದನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ದೊಡ್ಡ ಜಮೀನ್ದಾರರು ಮೊದಲೇ ರೂಢಿಸಿದ್ದ ಹೈನುಗಾರಿಕೆಯ ಲೆಕ್ಕಾಚಾರ, ಹಾಲಿನಿಂದ ಕೆನೆ ತೆಗೆಯುವ ಯಂತ್ರ, ಬ್ರಿಟನ್ನಿನ ಮಾರುಕಟ್ಟೆ ಇವುಗಳ ಪಾತ್ರವನ್ನು ಅವರು ಎತ್ತಿ ತೋರಿಸುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಶಾಲೆ ಬೆಣ್ಣೆ ಕಡೆಯುವುದಿಲ್ಲ. ಆದರೆ ಹತ್ತು ಹಸುವಿನವನೂ ಒಂದು ಹಸುವಿನವನೂ ಒಂದೇ ಸಭೆಯಲ್ಲಿ ಕುಳಿತು, ತಲೆಗೊಂದು ಮತ ಚಲಾಯಿಸಿ, ಸೋತ ಮೇಲೂ ಸಂಘ ಬಿಡದೆ ಉಳಿಯುವ ಅಭ್ಯಾಸವನ್ನು ಯಂತ್ರ ಕಲಿಸಲಾರದು.

ಈ ಬೀಜ ದೂರ ದೂರಕ್ಕೆ ಹಾರಿತು. ನಾರ್ವೆಯಲ್ಲಿ 1864ರಲ್ಲಿ, ಸ್ವೀಡನ್ನಿನಲ್ಲಿ 1868ರಲ್ಲಿ ಜನಶಾಲೆಗಳು ಬಂದವು. ಡೆನ್ಮಾರ್ಕಿಗೆ ಹೋಗಿ ನೋಡಿ ಬಂದ ಮೈಲ್ಸ್ ಹಾರ್ಟನ್ 1932ರಲ್ಲಿ ಅಮೆರಿಕದ ಟೆನೆಸ್ಸಿಯಲ್ಲಿ ಹೈಲ್ಯಾಂಡರ್ ಶಾಲೆಯನ್ನು ಸ್ಥಾಪಿಸಿದ. 1955ರ ಬೇಸಗೆಯಲ್ಲಿ ಅಲ್ಲಿಯ ಶಿಬಿರವೊಂದರಲ್ಲಿದ್ದ ರೋಸಾ ಪಾರ್ಕ್ಸ್ ಅದೇ ಡಿಸೆಂಬರ್‌ನಲ್ಲಿ ಮಾಂಟ್‌ಗೊಮರಿಯ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡಲೊಪ್ಪಲಿಲ್ಲ. ಮುಂದಿನದು ಇತಿಹಾಸ.

ನಮ್ಮಲ್ಲಿಗೂ ಅದು ಬಂದಿತ್ತು. 1948-49ರ ರಾಧಾಕೃಷ್ಣನ್ ಆಯೋಗ ಗ್ರಾಮೀಣ ವಿಶ್ವವಿದ್ಯಾಲಯಗಳನ್ನು ಕುರಿತು ಬರೆಯುವಾಗ ಡೆನ್ಮಾರ್ಕಿನ ಜನಶಾಲೆಗಳನ್ನು ವಿಸ್ತಾರವಾಗಿ ಚರ್ಚಿಸಿತು. ಮೊದಲ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಜನತಾ ಕಾಲೇಜುಗಳು ಹುಟ್ಟಿದವು. ಕೇರಳದ ವೆಳ್ಳನಾಡಿನಲ್ಲಿ ಕೆ. ವಿಶ್ವನಾಥನ್ ಅವರು 1956ರಲ್ಲಿ ಮಿತ್ರನಿಕೇತನವನ್ನು ಕಟ್ಟಿದರು. ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿ ಹಳ್ಳಿಯ ತರುಣರಿಗಾಗಿ ನಡೆಸಿದ ವಸತಿಸಹಿತ ವಿದ್ಯಾಪೀಠಗಳಿಗೂ ಇದೇ ಡೇನಿಷ್ ಮಾದರಿ ಪ್ರೇರಣೆ. ರೈತರ ಮಕ್ಕಳು ತಿಂಗಳುಗಟ್ಟಲೆ ಒಟ್ಟಿಗಿದ್ದು ಬೇಸಾಯ, ಸಹಕಾರ, ಪೌರನೀತಿ, ಹಾಡು, ನಾಟಕ ಕಲಿತು ಊರಿಗೆ ಮರಳುತ್ತಿದ್ದರು. ಹಿರಿಯ ತಲೆಮಾರಿನ ಕೆಲವರಿಗಾದರೂ ಇದು ನೆನಪಿರಬಹುದು. ಸಹಕಾರ ಸಂಘದ ಮಾದರಿ ನಮಗೆ ಜರ್ಮನಿಯಿಂದ ಬಂದು, 1905ರಲ್ಲಿಯೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳ್ತನದಲ್ಲಿ ಬೇರೂರಿತು. ಸಂಘವನ್ನು ತಂದುಕೊಂಡ ನಾವು, ಸಂಘದ ಸದಸ್ಯನನ್ನು ರೂಪಿಸುವ ಶಾಲೆಯನ್ನು ಅಷ್ಟೇ ಶ್ರದ್ಧೆಯಿಂದ ಬೆಳೆಸಲಿಲ್ಲ. ನಮ್ಮ ಎಷ್ಟೋ ಸಹಕಾರ ಸಂಘಗಳ ಆಡಳಿತ ಮಂಡಳಿ ಕೆಲವೇ ಮನೆತನಗಳ ಸೊತ್ತಾದುದಕ್ಕೆ ಇದೂ ಒಂದು ಕಾರಣವೆಂದು ನನ್ನ ಅನಿಸಿಕೆ.

ಸಾಕ್ಷರತಾ ಆಂದೋಲನದ ಉತ್ಸಾಹದ ವರ್ಷಗಳಲ್ಲಿ, 1990ರ ದಶಕದಲ್ಲಿ, ನಾನು ಜಿಲ್ಲಾಡಳಿತದಲ್ಲಿದ್ದೆ. ಲಾಂದ್ರದ ಬೆಳಕಿನಲ್ಲಿ ಕಲಿಯುತ್ತಿದ್ದ ಹೆಂಗಸರು ಅಕ್ಷರಕ್ಕಿಂತ ಮೊದಲು ಕೂಲಿಯ ದರ, ಪಡಿತರ, ಗಂಡಂದಿರ ಸಾರಾಯಿ ಇವುಗಳ ಬಗ್ಗೆ ಕೇಳುತ್ತಿದ್ದರು. ಮೇಲಿನಿಂದ ಬರುತ್ತಿದ್ದ ವರದಿಯ ನಮೂನೆಯಲ್ಲಿ ಕಲಿತವರ ಸಂಖ್ಯೆಗೆ ಕಾಲಂ ಇತ್ತು. ಕೇಳಿದ ಪ್ರಶ್ನೆಗಳಿಗೆ ಇರಲಿಲ್ಲ. ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ಇಂಥದೇ ಕಲಿಕೆಯ ಗುಂಪುಗಳಿಂದ ಸಾರಾಯಿ ವಿರೋಧಿ ಚಳವಳಿ ಹೊಮ್ಮಿದಾಗ, ಪ್ರಾಥಮಿಕ ವಾಚಿಕೆಯ ಒಂದು ಪಾಠ ಎಷ್ಟು ದೂರ ಹೋಗಬಲ್ಲದೆಂಬುದು ಎಲ್ಲರಿಗೂ ತಿಳಿಯಿತು. ಬದುಕಿನ ಶಾಲೆಯೆಂದರೆ ಅದೇ.

ಈಗ ಲೆಕ್ಕಕ್ಕೆ ಬರೋಣ. ಸಾಕ್ಷರ ಭಾರತ ಕಾರ್ಯಕ್ರಮ 2018ರಲ್ಲಿ ನಿಂತ ಮೇಲೆ ಕೇಂದ್ರ ಸರ್ಕಾರ 2022-27ರ ಅವಧಿಗೆ ನವಭಾರತ ಸಾಕ್ಷರತಾ ಕಾರ್ಯಕ್ರಮವನ್ನು ಮಂಜೂರು ಮಾಡಿತು. ಒಟ್ಟು ವೆಚ್ಚ 1,037.90 ಕೋಟಿ ರೂಪಾಯಿ. ಗುರಿ ಐದು ಕೋಟಿ ಜನ. ತಲೆಗೆ ಸುಮಾರು 208 ರೂಪಾಯಿ. ಬೋಧನೆಯ ಭಾರವೆಲ್ಲ ಸ್ವಯಂಸೇವಕರ ಮೇಲೆ. ಜೀವನ ಕೌಶಲ, ಮುಂದುವರಿಕೆ ಶಿಕ್ಷಣ ಎಂಬ ಶೀರ್ಷಿಕೆಗಳೂ ಅದರಲ್ಲಿವೆ. ಆದರೆ ಈ ದುಡ್ಡಿನಲ್ಲಿ ಅಕ್ಷರ ಪರೀಕ್ಷೆಯ ಆಚೆಗೆ ಏನು ಸಾಧ್ಯ ಎಂಬುದನ್ನು ಓದುಗರೇ ಊಹಿಸಬಹುದು.

ಯೂರೋಪ್ ಕೂಡ ಈ ವಿಷಯದಲ್ಲಿ ಆದರ್ಶವಲ್ಲ. 2014ರಲ್ಲಿ ಎಲ್ಲ ಶಾಖೆಗಳನ್ನೂ ಎರಾಸ್ಮಸ್ ಪ್ಲಸ್ ಎಂಬ ಒಂದೇ ಹೆಸರಿನಡಿ ತಂದಾಗ ಗ್ರುಂಟ್‌ವಿಗ್ ಹೆಸರು ನಿತ್ಯ ಬಳಕೆಯಿಂದ ಮರೆಯಾಯಿತು. ಒಟ್ಟು ಮೊತ್ತ 1,470 ಕೋಟಿ ಯೂರೊಗೆ ಏರಿತು. ಆದರೆ ವಯಸ್ಕರ ಶಿಕ್ಷಣದಲ್ಲಿ ಪ್ರಯಾಣದ ನೇರ ಅನುದಾನ ಕಲಿಸುವವರಿಗೆ ಮಾತ್ರ ಉಳಿದು, ಕಲಿಯುವವರ ಕಾರ್ಯಾಗಾರಗಳು ನಿಂತುಹೋದವು. ಚರ್ಚೆಯೆಲ್ಲ ಉದ್ಯೋಗ ಕೌಶಲದ ಸುತ್ತ ಸುತ್ತಿತು. ಸುಮಾರು 2,620 ಕೋಟಿ ಯೂರೊಗಳ 2021-27ರ ಕಾರ್ಯಕ್ರಮದಲ್ಲಿ ಕಲಿಯುವ ವಯಸ್ಕರಿಗೆ ಮತ್ತೆ ಬಾಗಿಲು ತೆರೆಯಿತು. ಗ್ರುಂಟ್‌ವಿಗ್‌ಗೆ ಕಣ್ಣು ತೆರೆಸಿದ ಬ್ರಿಟನ್ನೇ 2020ರ ಕೊನೆಗೆ ಈ ವಿನಿಮಯದಿಂದ ಹೊರನಡೆದದ್ದು ಮಾತ್ರ ಇತಿಹಾಸದ ವ್ಯಂಗ್ಯ.

ಇನ್ನೊಂದು ವ್ಯಂಗ್ಯ ಹೆಚ್ಚು ಸಂತೋಷದ್ದು. ರೋಡಿಂಗ್ ಸೇರಿದಂತೆ ಉತ್ತರ ಶ್ಲೆಸ್ವಿಗ್ 1920ರ ಜನಮತಗಣನೆಯಿಂದ ಡೆನ್ಮಾರ್ಕಿಗೆ ಮರಳಿತು. 1955ರಲ್ಲಿ ಬಾನ್ ಮತ್ತು ಕೋಪನ್‌ಹೇಗನ್ ಸರ್ಕಾರಗಳು ತಂತಮ್ಮ ನೆಲದ ಅಲ್ಪಸಂಖ್ಯಾತ ಭಾಷಿಕರಿಗೆ ಸಮಾನ ಹಕ್ಕಿನ ಭರವಸೆ ಕೊಟ್ಟವು. ಇಂದು ಜರ್ಮನಿಯೊಳಗೆ ಡೇನಿಷ್ ಶಾಲೆಗಳಿವೆ, ಡೆನ್ಮಾರ್ಕಿನೊಳಗೆ ಜರ್ಮನ್ ಶಾಲೆಗಳಿವೆ. ಇಂಟರ್‌ರೆಗ್ ಎಂಬ ಐರೋಪ್ಯ ನಿಧಿಯಿಂದ ಎರಡೂ ಕಡೆಯವರು ಜೊತೆಗೂಡಿ ಯೋಜನೆಗಳನ್ನು ನಡೆಸುತ್ತಾರೆ. ಒಂದು ನುಡಿಯ ಗಡಿ ಕಾಯಲು ಹುಟ್ಟಿದ ಶಾಲೆಯ ಹೆಸರಿನ ಮೂಲಪುರುಷ, ಎಲ್ಲ ನುಡಿಗಳ ಗಡಿ ದಾಟುವ ಯೋಜನೆಗೆ ಹೆಸರಾದದ್ದು ಆಕಸ್ಮಿಕವಲ್ಲ. ತನ್ನ ನುಡಿಯಲ್ಲಿ ನೆಮ್ಮದಿಯಾಗಿ ನಿಂತವನಿಗೆ ನೆರೆಯವನ ನುಡಿಯ ಭಯವಿರುವುದಿಲ್ಲ. ಗಡಿ ವಿವಾದವೆಂದರೆ ಬಸ್ಸಿಗೆ ಮಸಿ ಬಳಿಯುವುದೆಂದು ತಿಳಿದಿರುವ ನಮ್ಮ ಎರಡೂ ಕಡೆಯ ಸಂಘಟನೆಗಳು ಇದನ್ನು ಯೋಚಿಸಬೇಕು.

ನನ್ನ ಸಲಹೆ ಸರಳವಾದದ್ದು. ಪ್ರತಿ ಜಿಲ್ಲೆಗೊಂದು ವಸತಿಸಹಿತ ವಿದ್ಯಾಪೀಠ ಮತ್ತೆ ಬರಲಿ. ಗ್ರಾಮ ಪಂಚಾಯಿತಿ ಸದಸ್ಯೆ, ಹಾಲಿನ ಸಂಘದ ಕಾರ್ಯದರ್ಶಿ, ಸ್ವಸಹಾಯ ಗುಂಪಿನ ಹೆಂಗಸು, ಕಾಲೇಜು ಬಿಟ್ಟ ಹುಡುಗ ಅಲ್ಲಿ ಎರಡು ತಿಂಗಳು ಕೂಡಿ ಉಂಡು ಕೂಡಿ ಕಲಿಯಲಿ. ಅವರಲ್ಲಿ ಕೆಲವರು ನೆರೆರಾಜ್ಯದ ಇಂಥದೇ ಸಂಸ್ಥೆಗೆ ಹೋಗಿ ಒಂದು ವಾರ ಇದ್ದು ಬರಲು ಸಣ್ಣ ಅನುದಾನವಿರಲಿ. ಪರೀಕ್ಷೆ ಬೇಡ, ಪ್ರಮಾಣಪತ್ರ ಬೇಡ. ಸರ್ಕಾರ ಲೆಕ್ಕ ಕೇಳಲಿ, ಪಾಠ ಹೇಳದಿರಲಿ. ಇದಕ್ಕೆ ತಗಲುವ ವೆಚ್ಚ ದೊಡ್ಡ ರಸ್ತೆಯ ಒಂದು ಮೇಲ್ಸೇತುವೆಗಿಂತ ಹೆಚ್ಚಾಗದು. ಫಲ ಯಾವ ವರ್ಷದ ವರದಿಯಲ್ಲೂ ಕಾಣದು. ಒಂದು ತಲೆಮಾರು ಕಳೆದ ಮೇಲೆ ಗ್ರಾಮಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವವರ ಸಂಖ್ಯೆಯಲ್ಲಿ ಕಂಡೀತು. ಅಷ್ಟು ಕಾಯುವ ತಾಳ್ಮೆ ಸೋತು ಸುಣ್ಣವಾಗಿದ್ದ ಡೆನ್ಮಾರ್ಕಿಗಿತ್ತು. ನಮಗೂ ಇದ್ದೀತೆಂದು ನಂಬೋಣ.